ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ಹೊತ್ತು? ಸೂಡಿಯಿಂದ ಬೆಂಗಳೂರಿಗೆ ಎಷ್ಟು ಹೊತ್ತು?

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಮೊದಲು ಒಂದು ಲೆಕ್ಕ. ಅರಬ್ಬೀ ಸಮುದ್ರದ ಲಕ್ಷದ್ವೀಪದಲ್ಲಿ ಅಗತ್ತಿ ಎಂಬ ದ್ವೀಪವಿದೆ, ಅಲ್ಲೊಂದು ವಿಮಾನ ನಿಲ್ದಾಣವಿದೆ. ಬಂಗಾಳ ಕೊಲ್ಲಿಯ ಆಚೆ ಅಂಡಮಾನಿನಲ್ಲಿ ಪೋರ್ಟ್ ಬ್ಲೇರ್ ಇದೆ. 2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರು ಬದಲಾಯಿತು. ಅಲ್ಲಿಯೂ ಒಂದು ವಿಮಾನ ನಿಲ್ದಾಣವಿದೆ. ಇವೆರಡರ ನಡುವಣ ದೂರವೆಷ್ಟು, ವಿಮಾನದಲ್ಲಿ ಹೋಗಲು ಎಷ್ಟು ಹೊತ್ತು ಬೇಕು?

ಗೋಳದ ಮೇಲೆ ದಾರವಿಟ್ಟು ಅಳೆದರೆ ಸುಮಾರು 2,240 ಕಿ.ಮೀ. ಬರುತ್ತದೆ. ದೊಡ್ಡ ಜೆಟ್ ವಿಮಾನ ಗಂಟೆಗೆ ಎಂಟುನೂರು ಕಿ.ಮೀ. ವೇಗದಲ್ಲಿ ಹಾರುತ್ತದೆ. ಏರುವ, ಇಳಿಯುವ ಹೊತ್ತನ್ನು ಸೇರಿಸಿದರೆ ಮೂರು ಗಂಟೆಯ ಮೇಲೆ ಹತ್ತು ಹದಿನೈದು ನಿಮಿಷ. ಮುಂಗಾರಿನ ತಿಂಗಳುಗಳಲ್ಲಿ ಮೇಲಣ ಗಾಳಿ ಪೂರ್ವದಿಂದ ಬೀಸುವುದರಿಂದ ಹೋಗುವಾಗ ತುಸು ಹೆಚ್ಚು, ಬರುವಾಗ ತುಸು ಕಡಿಮೆ. ಉತ್ತರ ಸರಿಯಾಗಿದೆ, ಅಂಕಗಳೂ ಸಿಗುತ್ತವೆ. ಆದರೆ ಈ ಉತ್ತರದ ಪ್ರಕಾರ ಪ್ರಯಾಣ ಮಾಡುವುದು ಯಾರಿಗೂ ಸಾಧ್ಯವಿಲ್ಲ, ಏಕೆಂದರೆ ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವಿಲ್ಲ.

ಹಾಗಾದರೆ ನಿಜವಾಗಿ ಹೋಗುವವನು ಹೇಗೆ ಹೋಗಬೇಕು? ಅಗತ್ತಿಯಿಂದ ಕೊಚ್ಚಿಗೆ ಬರಬೇಕು, ಇಲ್ಲವೇ ಬೆಂಗಳೂರಿಗೆ. ಅಗತ್ತಿ-ಬೆಂಗಳೂರು ನೇರ ವಿಮಾನ 2024ರ ಮಾರ್ಚ್ ಕೊನೆಯಲ್ಲಿ ಆರಂಭವಾಯಿತು. ಅಗತ್ತಿಯಿಂದ ಬೆಂಗಳೂರಿಗೆ ಸುಮಾರು 655 ಕಿ.ಮೀ., ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಸುಮಾರು 1,640 ಕಿ.ಮೀ. ಕೂಡಿಸಿ ನೋಡಿ. ನೇರ ಗೆರೆಗಿಂತ ಹೆಚ್ಚಾದದ್ದು ಕೇವಲ ಐವತ್ತೈದು ಕಿ.ಮೀ. ಬೆಂಗಳೂರು ಹೆಚ್ಚುಕಡಿಮೆ ದಾರಿಯಲ್ಲೇ ಸಿಗುವ ಊರು. ಆದರೆ ಹೊತ್ತಿನ ಲೆಕ್ಕ ಮಾಡಿದರೆ ಮೂರು ಗಂಟೆ ಎಂದದ್ದು ಇಡೀ ಹಗಲಾಗುತ್ತದೆ. ವಿಮಾನಗಳ ವೇಳೆ ಕೂಡಿಬರದಿದ್ದರೆ ನಡುವೆ ಒಂದು ರಾತ್ರಿಯೂ ಸೇರುತ್ತದೆ. ದೂರ ನೂರಕ್ಕೆ ಮೂರು ಪಾಲೂ ಹೆಚ್ಚಲಿಲ್ಲ, ಕಾಲ ಮೂರು ನಾಲ್ಕು ಪಟ್ಟು ಬೆಳೆಯಿತು. ಇನ್ನು ಅಗತ್ತಿಯ ನೆರೆಯ ಕವರತ್ತಿಯಲ್ಲೋ ಕಲ್ಪೇನಿಯಲ್ಲೋ ಇರುವವನು ಮೊದಲು ದೋಣಿ ಹತ್ತಿ ಅಗತ್ತಿಗೆ ಬರಬೇಕು. ಆ ದೋಣಿಯ ಹೊತ್ತು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ಈ ಲೇಖನದ ವಾದವೂ ಇದೇ. ವಿಮಾನದ ದೂರ ಮತ್ತು ವೇಳೆಯ ಪಟ್ಟಿಗಳು ಒಂದು ರನ್‌ವೇಯಿಂದ ಇನ್ನೊಂದು ರನ್‌ವೇವರೆಗಿನ ಲೆಕ್ಕವನ್ನು ಮಾತ್ರ ಹೇಳುತ್ತವೆ. ಮನೆಯ ಹೊಸ್ತಿಲಿನಿಂದ ಹೊರಟು ತಲುಪಬೇಕಾದ ಜಾಗ ಮುಟ್ಟುವವರೆಗಿನ ಲೆಕ್ಕ ಬೇರೆ. ಸರ್ಕಾರಗಳು ಮೊದಲನೆಯ ಲೆಕ್ಕವನ್ನು ಮುಂದಿಟ್ಟು ನೆಲ ಕೇಳುತ್ತವೆ. ನಾವು ಎರಡನೆಯ ಲೆಕ್ಕದಲ್ಲಿ ಬದುಕುತ್ತೇವೆ.

ನೆಲ ಕೇಳುವ ಮಾತು ದ್ವೀಪದಲ್ಲಿ ಎಷ್ಟು ಗಂಭೀರವಾದದ್ದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಲಕ್ಷದ್ವೀಪದ ಮೂವತ್ತಾರು ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿ.ಮೀ. ನಮ್ಮ ಕಡೆಯ ಒಂದೆರಡು ದೊಡ್ಡ ಊರುಗಳ ಹೊಲಗಳನ್ನು ಒಟ್ಟುಗೂಡಿಸಿದರೆ ಅಷ್ಟಾಗುತ್ತದೆ. ಜನ ವಾಸಿಸುವುದು ಹತ್ತು ದ್ವೀಪಗಳಲ್ಲಿ ಮಾತ್ರ. ಅಗತ್ತಿ ಏಳು ಕಿ.ಮೀ.ಗೆ ಸ್ವಲ್ಪ ಮೇಲೆ ಉದ್ದವಿರುವ ಸಣ್ಣ ಪಟ್ಟಿ. ಅಗಲ ಹೆಚ್ಚೆಂದರೆ ಒಂದು ಕಿ.ಮೀ. 1988ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಆರಂಭವಾದಾಗ ದ್ವೀಪದ ತೆಂಕಣ ತುದಿಯನ್ನು ರನ್‌ವೇ ತೆಗೆದುಕೊಂಡಿತು. ಅದರ ಉದ್ದ ಸುಮಾರು 1,200 ಮೀಟರ್. ಇಷ್ಟು ಗಿಡ್ಡ ರನ್‌ವೇ ಮೇಲೆ ದೊಡ್ಡ ಜೆಟ್ ಇಳಿಯಲಾರದು. ಹೀಗಾಗಿ ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ಜಾತಿಯ ಸಣ್ಣ ವಿಮಾನಗಳೇ ಅಲ್ಲಿಗೆ ಬರುತ್ತವೆ. ಅವುಗಳ ವೇಗ ಗಂಟೆಗೆ ಐನೂರು ಕಿ.ಮೀ. ಆಸುಪಾಸು. ನಮ್ಮ ಮೊದಲ ಲೆಕ್ಕದ ಎಂಟುನೂರು ಇಲ್ಲಿಯೂ ತಪ್ಪಿತು.

ಇನ್ನು ವೇಗ ಬೇಕೆಂದರೆ ರನ್‌ವೇ ಉದ್ದವಾಗಬೇಕು. ಉದ್ದವಾಗಲು ನೆಲವಿಲ್ಲ, ಇರುವುದು ಹವಳದ ದಿಬ್ಬ ಮತ್ತು ಅದರ ಒಳಗಿನ ತಿಳಿನೀರು. ಪಕ್ಕದ ಕಲ್ಪಿಟ್ಟಿ ಎಂಬ ನಿರ್ಜನ ದ್ವೀಪದತ್ತ ರನ್‌ವೇಯನ್ನು ಚಾಚುವ ಪ್ರಸ್ತಾಪ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಹವಳದ ದ್ವೀಪವೆಂದರೆ ಕಲ್ಲುಗುಡ್ಡ ಸಮುದ್ರದಲ್ಲಿ ತಲೆ ಎತ್ತಿದ್ದಲ್ಲ. ಸಣ್ಣ ಜೀವಿಗಳು ಸಾವಿರಾರು ವರ್ಷ ಕಟ್ಟಿದ ಸುಣ್ಣದ ಗೂಡಿನ ಮೇಲೆ ಅಲೆ ತಂದು ಹಾಕಿದ ಮರಳು ನಿಂತು ಅದು ನೆಲವಾಗಿದೆ. ಸುತ್ತಲಿನ ಹವಳದ ದಿಬ್ಬ ಜೀವಂತವಾಗಿರುವವರೆಗೆ ಅಲೆಯ ಹೊಡೆತ ದಡಕ್ಕೆ ತಾಗುವುದಿಲ್ಲ. ದಿಬ್ಬ ಸತ್ತರೆ ಕಾಲಕ್ರಮದಲ್ಲಿ ದಡ ಕರಗುತ್ತದೆ. ಅಲ್ಲಿನ ಹವಳ ಕಡಲು ಬಿಸಿಯಾದ 1998, 2010, 2016 ಮತ್ತು 2024ರಲ್ಲಿ ಬಣ್ಣ ಕಳೆದುಕೊಂಡು ಬಿಳಿಚಿತು. ಒಂದು ಕಿಲೋ ವಿಮಾನದ ಇಂಧನ ಉರಿದರೆ ಮೂರು ಕಿಲೋಗೂ ಮೇಲೆ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹವಳ ನೋಡಲೆಂದು ಹಾರಿಬರುವ ಪ್ರವಾಸಿಗನ ವಿಮಾನವೂ ಹವಳವನ್ನು ಬಿಳಿಚಿಸುವ ಬಿಸಿಗೆ ತನ್ನ ಪಾಲು ಸೇರಿಸುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ದ್ವೀಪದ ಜನ ವಿಮಾನ ಕೇಳಬಾರದೆಂದು ಗುಡ್ಡದ ಮೇಲೆ ಕುಳಿತು ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. ಹೆರಿಗೆ ಕಷ್ಟವಾದ ಹೆಣ್ಣುಮಗಳನ್ನು, ಎದೆನೋವು ಬಂದ ಮುದುಕನನ್ನು ಕೊಚ್ಚಿಗೆ ಒಯ್ಯಲು ಅವರಿಗೆ ಹೆಲಿಕಾಪ್ಟರ್ ಬೇಕು, ಸಣ್ಣ ವಿಮಾನವೂ ಬೇಕು. ಅದಕ್ಕೆ ಈಗಿರುವ ರನ್‌ವೇ ಸಾಕೋ ಸಾಲದೋ ಅವರೇ ಹೇಳಬೇಕು. ಆದರೆ ರೋಗಿಯ ಹೆಸರು ಹೇಳಿ ಪ್ರವಾಸಿಗರಿಗಾಗಿ ರನ್‌ವೇ ಬೆಳೆಸುವುದು ಬೇರೆ ಮಾತು. ಅಲ್ಲಿನ ಹೆಚ್ಚಿನ ಜನ ಇಂದಿಗೂ ನೆಚ್ಚಿಕೊಂಡಿರುವುದು ಹಡಗನ್ನು; ಕೊಚ್ಚಿಯಿಂದ ದ್ವೀಪಕ್ಕೆ ತಕ್ಕಂತೆ ಹದಿನಾಲ್ಕರಿಂದ ಇಪ್ಪತ್ತು ಗಂಟೆ.

ಕನ್ನಡ ನಾಡಿಗೂ ಈ ದ್ವೀಪಗಳಿಗೂ ಹಳೆಯ ನಂಟು ಉಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು, ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ದೋಣಿ ನಿಲ್ಲುತ್ತಿತ್ತು. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ವೇಗದ ಹಡಗೊಂದು ಸುಮಾರು ಏಳು ಗಂಟೆಗಳಲ್ಲಿ ಮಂಗಳೂರಿನ ಹಳೆ ಬಂದರಿಗೆ ಬಂತು. ದ್ವೀಪದವನು ಮನೆಯಿಂದ ಹೊರಟು ಮಂಗಳೂರಿನ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗಿನ ಹೊತ್ತನ್ನು ಹಿಡಿದರೆ ಇಂಥ ಹಡಗು ವಿಮಾನಕ್ಕೆ ಬಹಳ ಹಿಂದೆ ಬೀಳದು. ಅದಕ್ಕೆ ಹವಳದ ದಿಬ್ಬವನ್ನು ಒಂದೂವರೆ ಎರಡು ಕಿ.ಮೀ. ಉದ್ದಕ್ಕೆ ಮುಚ್ಚಬೇಕಾದ ಅಗತ್ಯವೂ ಇಲ್ಲ. ವರ್ಷದ ಎಲ್ಲ ಕಾಲದಲ್ಲಿ ಓಡುವ ಒಳ್ಳೆಯ ಹಡಗುಗಳ ವಿಷಯ ಏಕೆ ದೊಡ್ಡ ಸುದ್ದಿಯಾಗುವುದಿಲ್ಲವೋ, ತಿಳಿದವರು ಹೇಳಲಿ.

ಅಂಡಮಾನ್ ಮತ್ತು ನಿಕೋಬಾರ್ ಕಡೆಗೆ ಹೋದರೆ ಇದೇ ಮಾತು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಪೋರ್ಟ್ ಬ್ಲೇರ್‌ನಿಂದ ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಗೆ ನೇರಗೆರೆಯಲ್ಲಿ ಐನೂರು ಕಿ.ಮೀ.ಗೆ ಸ್ವಲ್ಪ ಮೇಲೆ. ಹಡಗು ನಡುವಣ ದ್ವೀಪಗಳನ್ನು ಮುಟ್ಟಿಕೊಂಡು ಹೋದರೆ ಎರಡು ದಿನವೂ ಹಿಡಿಯುತ್ತದೆ. ಈ ‘ದೂರ’ವನ್ನು ಕಳೆಯುವ ಮಾತೂ ಸೇರಿದಂತೆ ಅಲ್ಲಿ 72,000 ಕೋಟಿ ರೂಪಾಯಿಗಳ ಯೋಜನೆಯೊಂದು ರೂಪುಗೊಂಡಿದೆ. ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು, ಒಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಹೊಸ ಪಟ್ಟಣ, ವಿದ್ಯುತ್ ಸ್ಥಾವರ. 2022ರ ನವೆಂಬರಿನಲ್ಲಿ ಇದಕ್ಕೆ ಪರಿಸರ ಅನುಮತಿ ದೊರೆಯಿತು. ಸುಮಾರು 130 ಚದರ ಕಿ.ಮೀ. ಕಾಡು ಇದಕ್ಕೆ ಹೋಗುತ್ತದೆ. ಸರ್ಕಾರವೇ ಸಂಸತ್ತಿನಲ್ಲಿ ಹೇಳಿದ ಲೆಕ್ಕದಂತೆ ಕಡಿಯಬೇಕಾಗಬಹುದಾದ ಮರಗಳು 9.64 ಲಕ್ಷ. ಗಲಾಥಿಯಾ ಕೊಲ್ಲಿಯ ಮರಳು ಲೆದರ್‌ಬ್ಯಾಕ್ ಎಂಬ ಭಾರೀ ಕಡಲಾಮೆ ಮೊಟ್ಟೆಯಿಡುವ ಜಾಗ. ಅಲ್ಲಿದ್ದ ವನ್ಯಜೀವಿ ಧಾಮವನ್ನು 2021ರಲ್ಲಿಯೇ ಪಟ್ಟಿಯಿಂದ ತೆಗೆದುಹಾಕಲಾಯಿತು.

ವಿಮಾನ ನಿಲ್ದಾಣದ ಒಂದು ಅಂಕಿಯನ್ನು ಗಮನಿಸಿ. ಅದರ ಯೋಜಿತ ಸಾಮರ್ಥ್ಯ ಹೆಚ್ಚಿನ ದಟ್ಟಣೆಯ ಒಂದು ಗಂಟೆಯಲ್ಲಿ 4,000 ಪ್ರಯಾಣಿಕರು. 2011ರ ಜನಗಣತಿಯಂತೆ ಆ ದ್ವೀಪದ ಒಟ್ಟು ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ಎರಡು ಗಂಟೆಯಲ್ಲಿ ಇಡೀ ದ್ವೀಪವನ್ನೇ ಖಾಲಿ ಮಾಡಬಲ್ಲ ನಿಲ್ದಾಣ ಆ ದ್ವೀಪದವರಿಗಾಗಿ ಆಗುತ್ತಿದೆ ಎಂದರೆ ನಂಬುವುದು ಹೇಗೆ? 2004ರ ಸುನಾಮಿಯಲ್ಲಿ ಊರು ಕಳೆದುಕೊಂಡು ಬೇರೆಡೆ ನೆಲೆಯಾದ ನಿಕೋಬಾರಿಗಳು ತಮ್ಮ ಹಳೆಯ ನೆಲಕ್ಕೆ ಮರಳಬೇಕೆಂದು ಕೇಳುತ್ತಲೇ ಇದ್ದಾರೆ. ಕಾಡಿನೊಳಗಿನ ಶೋಂಪೆನ್ ಜನ ಕೆಲವೇ ನೂರು ಮಂದಿ. ಅಲ್ಲಿನ ಬುಡಕಟ್ಟು ಮಂಡಳಿ ಮೊದಲು ಕೊಟ್ಟಿದ್ದ ಒಪ್ಪಿಗೆಯನ್ನು 2022ರ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಇನ್ನು, ಕಡಿಯುವ ಕಾಡಿಗೆ ಬದಲಾಗಿ ಕಾಡು ಬೆಳೆಸಲು ತೋರಿಸಿದ ಜಾಗ ಹರಿಯಾಣದಲ್ಲಿದೆ. ಗ್ರೇಟ್ ನಿಕೋಬಾರಿನಿಂದ ಅಲ್ಲಿಗೆ ಮೂರು ಸಾವಿರ ಕಿ.ಮೀ. ಹತ್ತಿರ ಹತ್ತಿರ. ಮನುಷ್ಯರಿಗೆ ಐನೂರು ಕಿ.ಮೀ. ಬಹಳ ದೂರವಾಯಿತೆಂದು ರನ್‌ವೇ ಹಾಕುವ ಆಡಳಿತಕ್ಕೆ, ಮಳೆಕಾಡಿನ ಮರ ಮೂರು ಸಾವಿರ ಕಿ.ಮೀ. ಆಚೆಯ ಒಣನೆಲದಲ್ಲಿ ಬೆಳೆಯುವುದು ದೂರವೆಂದು ತೋರಲಿಲ್ಲ.

ಇಷ್ಟು ದೂರದ ದ್ವೀಪಗಳ ಮಾತು ಸೂಡಿಯವರಿಗೆ, ಗಜೇಂದ್ರಗಡದ ಗುಡ್ಡದ ಸಾಲಿನವರಿಗೆ, ಕಪ್ಪತಗುಡ್ಡದ ಸೆರಗಿನವರಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಗುಡ್ಡಕ್ಕೂ ದ್ವೀಪಕ್ಕೂ ಹೋಲಿಕೆ ಬಹಳ. ಎರಡೂ ಕಡೆ ಸಮನೆಲ ಕಡಿಮೆ, ಇರುವ ಸಮನೆಲದ ಮೇಲೆಯೇ ಊರು, ಹೊಲ, ಮೇವು ಎಲ್ಲವೂ. ಎರಡೂ ದೂರದಿಂದ ನೋಡುವವರಿಗೆ ಖಾಲಿಯಾಗಿ ಕಾಣುತ್ತವೆ. ಎರಡರ ಹಣೆಬರಹವನ್ನೂ ಬೇರೊಂದು ಊರಿನಲ್ಲಿ ಕುಳಿತವರು ಬರೆಯುತ್ತಾರೆ. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು, 2016ರಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆದರು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು, 2019ರಲ್ಲಿ ವನ್ಯಜೀವಿ ಧಾಮ ಮಾಡಿದರು. ಗುಡ್ಡ ಇದ್ದಲ್ಲೇ ಇತ್ತು, ಓಡಾಡಿದ್ದು ಕಾಗದ. 2011ರಲ್ಲಿ ಹಳ್ಳಿಗುಡಿಯ ಬಳಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ನೆಲ ಕೇಳಿದಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ರೈತರು ಒಪ್ಪಲಿಲ್ಲ, ಕಾರ್ಖಾನೆ ಬರಲಿಲ್ಲ. ಇದು ನಮ್ಮ ಕಣ್ಣೆದುರಿನ ಚರಿತ್ರೆ.

‘ದೂರದ ಊರು’ ಎಂಬ ಮಾತನ್ನೂ ಒಮ್ಮೆ ಪರೀಕ್ಷಿಸಬೇಕು. ಹನ್ನೊಂದನೆಯ ಶತಮಾನದಲ್ಲಿ ಸೂಡಿ ದೂರದ ಊರಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಮನೆತನದ ಅಕ್ಕಾದೇವಿಯ ಆಳ್ವಿಕೆಯೊಂದಿಗೆ ಹೆಸರು ಬೆಸೆದುಕೊಂಡ ಊರು ಅದು. ಲಕ್ಕುಂಡಿಯಂತೆ ಇಲ್ಲಿಯೂ ಟಂಕಸಾಲೆ ಇತ್ತು. ಇಲ್ಲಿ ಅಚ್ಚಾದ ಹೊನ್ನು ನಾಡಿನಲ್ಲಿ ಚಲಾವಣೆಯಾಗುತ್ತಿತ್ತು. ಜೋಡು ಕಳಸದ ಗುಡಿ, ನಾಗಕುಂಡ, ಮಲ್ಲಿಕಾರ್ಜುನ ಗುಡಿ ಇಂದಿಗೂ ಅದನ್ನು ಹೇಳುತ್ತವೆ. ಆಗ ವ್ಯಾಪಾರಿಯ ಎತ್ತಿನ ಸಾಲು ಸೂಡಿಗೆ ಬಂದು ತಂಗುತ್ತಿತ್ತು ಎಂದು ಊಹಿಸಲು ಕಷ್ಟವಿಲ್ಲ. ಸೂಡಿ ಇಂದು ಇರುವುದೂ ಅದೇ ಜಾಗದಲ್ಲಿ, ಬಾದಾಮಿಗೆ ಮೂವತ್ತು, ಗಜೇಂದ್ರಗಡಕ್ಕೆ ಹನ್ನೆರಡು ಕಿ.ಮೀ. ಅಂತರದಲ್ಲಿ. ಬದಲಾದದ್ದು ದಾರಿಗಳು.

ಈಗ ಸೂಡಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವ ಲೆಕ್ಕ ಮಾಡೋಣ. ಹತ್ತಿರದ ದೊಡ್ಡ ನಿಲ್ದಾಣ ಹುಬ್ಬಳ್ಳಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 370 ಕಿ.ಮೀ., ಒಂದು ಗಂಟೆ ಚಿಲ್ಲರೆ. ಪತ್ರಿಕೆಗಳು ಹೇಳುವುದು ಇದನ್ನು. ಆದರೆ ಸೂಡಿಯಿಂದ ರೋಣ, ಗದಗ ಹಾದು ಹುಬ್ಬಳ್ಳಿ ಮುಟ್ಟಲು ನೂರ ಇಪ್ಪತ್ತು ಕಿ.ಮೀ. ಹತ್ತಿರ, ಬಸ್ಸು ಬದಲಾಯಿಸಿಕೊಂಡು ಹೋದರೆ ಮೂರು ಮೂರೂವರೆ ಗಂಟೆ. ವಿಮಾನ ಹೊರಡುವ ಒಂದೂವರೆ ಗಂಟೆ ಮೊದಲು ಅಲ್ಲಿರಬೇಕು. ಇಳಿದ ಮೇಲೆ ಸಾಮಾನು ತೆಗೆದುಕೊಂಡು ಹೊರಬೀಳಲು ಅರ್ಧ ಗಂಟೆ. ದೇವನಹಳ್ಳಿಯ ಕಡೆಯ ನಿಲ್ದಾಣದಿಂದ ಮೆಜೆಸ್ಟಿಕ್ಕಿಗೆ ಸುಮಾರು ಮೂವತ್ತೈದು ಕಿ.ಮೀ., ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಗಂಟೆ ಒಂದೂವರೆ. ಎಲ್ಲ ಕೂಡಿದರೆ ಎಂಟು ಗಂಟೆ. ಗಜೇಂದ್ರಗಡದಿಂದ ರಾತ್ರಿ ಬಸ್ಸು ಹತ್ತಿದವನು ಒಂದು ನಿದ್ದೆ ಮಾಡಿ ಬೆಳಗಾಗುವ ಹೊತ್ತಿಗೆ ಅದೇ ಮೆಜೆಸ್ಟಿಕ್ಕಿನಲ್ಲಿ ಇಳಿದಿರುತ್ತಾನೆ. ಹಗಲೂ ಉಳಿಯಿತು, ಹಣವೂ ಉಳಿಯಿತು. 2023ರ ಜೂನ್‌ನಿಂದ ಧಾರವಾಡ-ಬೆಂಗಳೂರು ನಡುವೆ ವಂದೇ ಭಾರತ್ ರೈಲು ಓಡುತ್ತಿದೆ, ಅದು ಆರೂವರೆ ಗಂಟೆಯ ಆಚೀಚೆಯಲ್ಲಿ ಮುಟ್ಟಿಸುತ್ತದೆ. ಹುಬ್ಬಳ್ಳಿ ಪೇಟೆಯಲ್ಲಿರುವವನಿಗೆ ವಿಮಾನದಿಂದ ಒಂದೆರಡು ಗಂಟೆ ಲಾಭವಾಗಬಹುದು. ಸೂಡಿಯವನಿಗೆ ಆ ಲಾಭ ದಾರಿಯಲ್ಲೇ ಕರಗಿಹೋಗುತ್ತದೆ.

ಹಾಗಾದರೆ ನಿಲ್ದಾಣವನ್ನೇ ನಮ್ಮ ಹತ್ತಿರಕ್ಕೆ ತಂದರೆ? ಈ ಪ್ರಶ್ನೆ ಬರೀ ಕಲ್ಪನೆಯದಲ್ಲ. ಬಾದಾಮಿ ತಾಲ್ಲೂಕಿನ ಹಲಕುರ್ಕಿಯ ಬಳಿ ವಿಮಾನ ನಿಲ್ದಾಣ ಮಾಡುವ ಮಾತು ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವ ಪ್ರವಾಸಿಗರ ಹೆಸರು ಅದಕ್ಕೆ ಸೇರಿಕೊಂಡಿದೆ. ಕೊಪ್ಪಳದ ಬಳಿ ಖಾಸಗಿ ಕಂಪನಿಯೊಂದರ ರನ್‌ವೇ ಆಗಲೇ ಇದೆ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಬಂದಿತ್ತು. ವಿಮಾನ ಬರಲಿಲ್ಲ. ಕೊಪ್ಪಳವೊಂದರ ಕಥೆ ಮಾತ್ರ ಇದಲ್ಲ. ಉಡಾನ್ ಕುರಿತ ಮಹಾಲೇಖಪಾಲರ 2023ರ ವರದಿಯಂತೆ, ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದ್ದು 112. ಸರ್ಕಾರದ ಸಹಾಯಧನ ನಿಂತ ಮೇಲೂ ಉಳಿದುಕೊಂಡದ್ದು 54. ಅಂದರೆ ನೂರು ಮಾರ್ಗಕ್ಕೆ ಏಳು. ಬಿತ್ತಿದ ನೂರು ಕಾಳಿನಲ್ಲಿ ಏಳು ಮೊಳೆತರೆ ನಮ್ಮ ರೈತ ಆ ಬೀಜದ ಅಂಗಡಿಗೆ ಮರಳಿ ಹೋಗುವುದಿಲ್ಲ.

ವಿಮಾನ ನಿಂತುಹೋದರೆ ಮಾರ್ಗವನ್ನು ಪಟ್ಟಿಯಿಂದ ತೆಗೆಯಬಹುದು. ರನ್‌ವೇಗೆ ಹೋದ ಹೊಲವನ್ನು ಮತ್ತೆ ಹೊಲ ಮಾಡಲಾಗದು. ಮಲೆನಾಡಿನ ಬಾಗಿಲಾದ ಶಿವಮೊಗ್ಗದ ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿ ವೆಚ್ಚದ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು, ಮೊದಲ ವಿಮಾನ ಬಂದದ್ದು ಅದೇ ವರ್ಷದ ಆಗಸ್ಟ್ 31ರಂದು. ಅಲ್ಲಿಂದ ಬೆಂಗಳೂರು ಆಕಾಶದಲ್ಲಿ 240 ಕಿ.ಮೀ. ಕೂಡ ಆಗುವುದಿಲ್ಲ, ಜನಶತಾಬ್ದಿ ರೈಲು ಐದು ಗಂಟೆಯೊಳಗೆ ಮುಟ್ಟಿಸುತ್ತದೆ. ಆ ನಿಲ್ದಾಣದಿಂದ ಯಾರಿಗೂ ಉಪಯೋಗವಿಲ್ಲವೆಂದು ನಾನು ಹೇಳಲಾರೆ. ಆದರೆ ಒಂದು ಸಾಮಾನ್ಯ ಬಸ್ಸಿಗೆ ನಲವತ್ತು ಲಕ್ಷ ಹಿಡಿದರೆ ಆ ಹಣದಲ್ಲಿ ಸಾವಿರಕ್ಕೂ ಹೆಚ್ಚು ಬಸ್ಸು ಬರುತ್ತವೆ. ಡೀಸೆಲ್ಲು, ಚಾಲಕರ ಸಂಬಳ ಬೇರೆಯಲ್ಲವೇ ಎಂದು ಕೇಳುವವರಿಗೆ, ನಿಲ್ದಾಣವನ್ನು ನಡೆಸುವ ಖರ್ಚೂ ಸಹಾಯಧನವೂ ಬೇರೆಯೇ ಎಂದು ಹೇಳಬೇಕಾಗುತ್ತದೆ.

ನಮ್ಮ ಬಳಗ ವಿಮಾನವನ್ನು ವಿರೋಧಿಸುವ ಬಳಗವಲ್ಲ. ನಮ್ಮ ಬೇಡಿಕೆ ಇಷ್ಟೇ: ಗುಡ್ಡದಲ್ಲಾಗಲಿ ಬಯಲಲ್ಲಾಗಲಿ ದ್ವೀಪದಲ್ಲಾಗಲಿ ವಿಮಾನ ನಿಲ್ದಾಣಕ್ಕೆ ನೆಲ ಕೇಳುವ ಮೊದಲು, ಸುತ್ತಲಿನ ಹಳ್ಳಿಗಳ ಹೊಸ್ತಿಲಿನಿಂದ ಹಿಡಿದ ಹೊತ್ತಿನ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಇಡಬೇಕು. ಅದೇ ಹಣದಿಂದ ಬಸ್ಸು, ರೈಲು, ಹಡಗು ತಂದರೆ ಎಷ್ಟು ಜನರಿಗೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದು ತೋರಿಸಬೇಕು. ರನ್‌ವೇಯಿಂದ ರನ್‌ವೇಗೆ ಇಷ್ಟು ನಿಮಿಷ ಎಂಬ ಒಂದೇ ಸಾಲಿನ ಉತ್ತರವನ್ನು ಒಪ್ಪಬಾರದು.

ಈ ಲೆಕ್ಕವನ್ನು ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಸೂಡಿ, ಇಟಗಿ, ಗಜೇಂದ್ರಗಡದ ಸುತ್ತಲಿನ ಹಳ್ಳಿಗಳ ವಿದ್ಯಾರ್ಥಿಗಳು ಒಂದು ವಾರ ಒಂದು ನೋಟುಬುಕ್ಕು ಇಟ್ಟುಕೊಳ್ಳಲಿ. ಮನೆಯಿಂದ ಹೊರಟ ವೇಳೆ, ಬಸ್ಸು ಬಂದ ವೇಳೆ, ಕಾಲೇಜು ಮುಟ್ಟಿದ ವೇಳೆ, ಸಂಜೆ ಮರಳಿ ಮನೆ ಸೇರಿದ ವೇಳೆ ಇವಿಷ್ಟನ್ನು ಬರೆಯಲಿ. ಮನೆಯಲ್ಲಿ ಯಾರಾದರೂ ಗದುಗಿನ ಆಸ್ಪತ್ರೆಗೋ ರೋಣದ ಕಚೇರಿಗೋ ಹೋಗಿಬಂದರೆ ಅದನ್ನೂ ಸೇರಿಸಲಿ. ಕಿಲೋಮೀಟರು ಒಂದು ಸಾಲಿನಲ್ಲಿ, ಕಾಯ್ದ ಹೊತ್ತು ಒಂದು ಸಾಲಿನಲ್ಲಿ, ಪ್ರಯಾಣದ ಹೊತ್ತು ಇನ್ನೊಂದು ಸಾಲಿನಲ್ಲಿ. ಪುಟಗಳನ್ನು ಬಳಗದ ಕಾರ್ಯಕರ್ತರ ಕೈಗೆ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಊರೂರಿನ ಪಟ್ಟಿಯಾಗಿ ಅಚ್ಚು ಹಾಕುತ್ತೇವೆ, ಗ್ರಾಮಸಭೆಗೂ ಒಂದು ಪ್ರತಿ ಕೊಡುತ್ತೇವೆ.